ಗಾಡಿ ಒಮ್ಮೊಮ್ಮೆ ಮಾತ್ರ ಮುಗ್ಗರಿಸುತ್ತಿದೆಯೇ? ಸುಳ್ಳು ಹೇಳುವ ಸೆನ್ಸರನ್ನು ಹಿಡಿಯುವ ಬಗೆ

ಮುಂದಿನ ಲಾರಿಯನ್ನು ದಾಟಬೇಕು ಅಂತ ಆಕ್ಸಿಲರೇಟರ್ ಒತ್ತುತ್ತೀರಿ. ಎಂಜಿನ್ ಉಸಿರು ಹಿಡಿದಂತೆ ಸುಮ್ಮನಾಗುತ್ತದೆ. ಅರ್ಧ ಸೆಕೆಂಡ್ ಇರಬಹುದು, ಅಷ್ಟೇ. ಆಮೇಲೆ ಒಂದು ಜರ್ಕ್ ಕೊಟ್ಟು ಗಾಡಿ ನುಗ್ಗುತ್ತದೆ. ಮುಂದಿನ ನಲವತ್ತು ಕಿಲೋಮೀಟರ್ ಏನೂ ತೊಂದರೆ ಇಲ್ಲ. ಎರಡು ದಿನ ಬಿಟ್ಟು ಮತ್ತೆ ಅದೇ ಕತೆ. ಗ್ಯಾರೇಜಿಗೆ ಒಯ್ದರೆ ಅಲ್ಲಿ ಮಾತ್ರ ಬೆಣ್ಣೆಯಂತೆ ಓಡುತ್ತದೆ. ಮೆಕ್ಯಾನಿಕ್ ಒಂದು ರೌಂಡ್ ಹೊಡೆದು ಬಂದು "ಗಾಡಿ ಚೆನ್ನಾಗೇ ಇದೆಯಲ್ಲ" ಅನ್ನುತ್ತಾರೆ. ಏನು ಹೇಳಬೇಕೋ ನಿಮಗೆ ತೋಚುವುದಿಲ್ಲ.

ನೀವು ಹೇಳಿದ್ದೂ ನಿಜ, ಮೆಕ್ಯಾನಿಕ್ ಹೇಳಿದ್ದೂ ನಿಜ. ಬಿಟ್ಟು ಬಿಟ್ಟು ಬರುವ ದೋಷದ ಗುಣವೇ ಹಾಗೆ. ಇಂಥ ಹೊತ್ತಲ್ಲಿ ಸಾಮಾನ್ಯವಾಗಿ ಆಗುವುದೇನು ಗೊತ್ತಾ? ಮೊದಲು ಪ್ಲಗ್ ಬದಲಾಗುತ್ತದೆ. ಆಮೇಲೆ ಫ್ಯೂಯಲ್ ಫಿಲ್ಟರ್. ಆಮೇಲೆ ಪ್ಲಗ್‌ಗೆ ಕರೆಂಟ್ ಕೊಡುವ ಕಾಯಿಲ್. ಪಾರ್ಟ್‌ಗಳು ಒಂದೊಂದಾಗಿ ಹೊಸದಾಗುತ್ತಾ ಹೋಗುತ್ತವೆ, ಮುಗ್ಗರಿಕೆ ಮಾತ್ರ ಹಾಗೇ ಉಳಿಯುತ್ತದೆ. ಎಷ್ಟೋ ಸಲ ಕಾರಣ ಹೆಬ್ಬೆರಳಿನಷ್ಟಿರುವ ಒಂದು ಸೆನ್ಸರ್, ಇಲ್ಲವೇ ಅದರ ವೈರಿನ ತುದಿಯಲ್ಲಿರುವ ಒಂದು ಪಿನ್. ಊಹೆಯಿಂದ ಅದನ್ನು ಹಿಡಿಯುವುದು ಕಷ್ಟ. ಆದರೆ ಎಂಜಿನ್ ಮುಗ್ಗರಿಸಿದ ಆ ಅರ್ಧ ಸೆಕೆಂಡಿನಲ್ಲಿ ಏನಾಯಿತು ಅಂತ ನೋಡಲು ಸಾಧ್ಯವಾದರೆ ಕೆಲಸ ಅರ್ಧ ಮುಗಿದಂತೆ.

ಇಲ್ಲಿ ಹೇಳುವುದು ಮುಖ್ಯವಾಗಿ ಪೆಟ್ರೋಲ್ ಎಂಜಿನ್ ಬಗ್ಗೆ. ಡೀಸೆಲ್‌ನಲ್ಲಿ ಕೆಲವು ಸೆನ್ಸರ್‌ಗಳು ಬೇರೆ, ಹುಡುಕುವ ದಾರಿ ಬಹುತೇಕ ಇದೇ.

## ಬಾಗಿಲು ಮುಚ್ಚಿದ ಕೋಣೆಯ ಅಡುಗೆಯವನು

ಹಳೆಯ ಕಾರುಗಳಲ್ಲಿ ಗಾಳಿಗೆ ಪೆಟ್ರೋಲ್ ಬೆರೆಸುವ ಕೆಲಸ ಕಾರ್ಬುರೇಟರ್‌ನದು. ಒಳಗೆ ಹೋಗುವ ಗಾಳಿಯೇ ತನಗೆ ಬೇಕಾದಷ್ಟು ಪೆಟ್ರೋಲನ್ನು ಎಳೆದುಕೊಳ್ಳುತ್ತಿತ್ತು. 1967ರಲ್ಲಿ ಬಾಷ್ ಕಂಪನಿಯ ಡಿ-ಜೆಟ್ರಾನಿಕ್ ಎಂಬ ಎಲೆಕ್ಟ್ರಾನಿಕ್ ವ್ಯವಸ್ಥೆ ಫೋಕ್ಸ್‌ವ್ಯಾಗನ್ 1600 ಕಾರಿನಲ್ಲಿ ಬಂತು. ಅಲ್ಲಿಂದ ಮುಂದೆ ಈ ಕೆಲಸ ನಿಧಾನವಾಗಿ ಕಂಪ್ಯೂಟರ್ ಕೈಗೆ ಹೋಯಿತು. ಇವತ್ತು ಆ ಕಂಪ್ಯೂಟರನ್ನು ಎಲ್ಲರೂ ಇಸಿಯು ಅನ್ನುತ್ತಾರೆ.

ಇಸಿಯು ಮಾಡುವ ಲೆಕ್ಕ ಕೇಳಲು ಸುಲಭ. ಒಂದು ಕೆಜಿ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು. ಎಥನಾಲ್ ಬೆರೆತಿದ್ದರೆ ಈ ಅಂಕಿ ಸ್ವಲ್ಪ ಇಳಿಯುತ್ತದೆ. ಒಳಗೆ ಬಂದ ಗಾಳಿ ಎಷ್ಟು ಅಂತ ಗೊತ್ತಾದರೆ ಎಷ್ಟು ಪೆಟ್ರೋಲ್ ಚಿಮ್ಮಿಸಬೇಕು ಅಂತ ಗೊತ್ತಾಗುತ್ತದೆ. ಕಷ್ಟ ಇರುವುದು ವೇಗದಲ್ಲಿ. ನಾಲ್ಕು ಸಿಲಿಂಡರ್‌ನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 100 ಸಲ ಕಿಡಿ ಹಾರಬೇಕು. ಪ್ರತಿ ಸಲವೂ ಪೆಟ್ರೋಲಿನ ಅಳತೆ ಸರಿ ಇರಬೇಕು. ಐಡಲ್‌ನಲ್ಲಿ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಒಂದು ಸಲಕ್ಕೆ ತೆರೆದಿರುವುದು ಸುಮಾರು 2ರಿಂದ 4 ಮಿಲಿಸೆಕೆಂಡ್ ಮಾತ್ರ.

ಈ ಇಸಿಯುಗೆ ಕಣ್ಣಿಲ್ಲ, ಕಿವಿಯಿಲ್ಲ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೂತ ಅಡುಗೆಯವನ ಹಾಗೆ ಅಂದುಕೊಳ್ಳಿ. ಪಂಕ್ತಿಯಲ್ಲಿ ಎಷ್ಟು ಜನ ಕೂತಿದ್ದಾರೆ, ಒಲೆ ಎಷ್ಟು ಬಿಸಿಯಾಗಿದೆ, ಸಾರಿಗೆ ಉಪ್ಪು ಸಾಕೇ ಎಂಬುದನ್ನೆಲ್ಲ ಹೊರಗಿನವರು ಕೂಗಿ ಹೇಳಬೇಕು. ಅವರು ಹೇಳಿದ್ದನ್ನು ನಂಬಿ ಅವನು ಅಡುಗೆ ಮಾಡುತ್ತಾನೆ. ಹಾಗೆ ಹೊರಗಿನಿಂದ ಸುದ್ದಿ ಹೇಳುವವರೇ ಸೆನ್ಸರ್‌ಗಳು. ನೂರು ಜನ ಬಂದಿರುವಾಗ ಹತ್ತೇ ಜನ ಅಂತ ಯಾರಾದರೂ ಕೂಗಿದರೆ ಅಡುಗೆ ಕಡಿಮೆ ಬೀಳುತ್ತದೆ. ಅದರಲ್ಲಿ ಅಡುಗೆಯವನ ತಪ್ಪೇನೂ ಇಲ್ಲ.

## ಮುಗ್ಗರಿಕೆ ಅಂದರೆ ನಿಜವಾಗಿ ಏನು?

ಆಕ್ಸಿಲರೇಟರ್ ಒತ್ತಿದಾಗ ಪೆಟ್ರೋಲ್ ಹೋಗುತ್ತದೆ ಅಂತ ನಾವು ಮಾತಿಗೆ ಹೇಳುತ್ತೇವೆ. ಪೆಟ್ರೋಲ್ ಎಂಜಿನ್‌ನಲ್ಲಿ ನಿಜವಾಗಿ ತೆರೆಯುವುದು ಗಾಳಿಯ ಬಾಗಿಲು. ಅದರ ಹೆಸರು ಥ್ರಾಟಲ್. ಬಾಗಿಲು ತಟ್ಟನೆ ತೆರೆದರೆ ಗಾಳಿ ಕೂಡಲೇ ನುಗ್ಗುತ್ತದೆ. ಪೆಟ್ರೋಲ್ ಮಾತ್ರ ಅಷ್ಟು ಚುರುಕಲ್ಲ. ಗಾಳಿಯ ದಾರಿಯಲ್ಲೇ ಇಂಜೆಕ್ಟರ್ ಇರುವ ಎಂಜಿನ್‌ಗಳಲ್ಲಿ ಒಂದಷ್ಟು ಪೆಟ್ರೋಲ್ ಗೋಡೆಗೆ ಅಂಟಿಕೊಂಡು ಹಿಂದೆ ಉಳಿಯುತ್ತದೆ. ಆ ಕ್ಷಣಕ್ಕೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಮಿಶ್ರಣ ತೆಳುವಾದರೆ ಸರಿಯಾಗಿ ಹೊತ್ತಿಕೊಳ್ಳುವುದಿಲ್ಲ, ಎಳೆತ ಬೀಳುತ್ತದೆ.

ಇದನ್ನು ತಪ್ಪಿಸಲು ಇಸಿಯು ಒಂದು ಮುನ್ನೆಚ್ಚರಿಕೆ ಇಟ್ಟುಕೊಂಡಿದೆ. ಥ್ರಾಟಲ್ ಎಷ್ಟು ಬೇಗ ತೆರೆಯುತ್ತಿದೆ ಅಂತ ನೋಡಿ, ಆ ಕ್ಷಣಕ್ಕೆ ಮಾತ್ರ ಒಂದು ಗುಟುಕು ಪೆಟ್ರೋಲನ್ನು ಹೆಚ್ಚಿಗೆ ಕೊಡುತ್ತದೆ. ಸೆನ್ಸರ್ ಸರಿಯಾಗಿದ್ದರೆ ಈ ಆಟ ನಿಮ್ಮ ಗಮನಕ್ಕೇ ಬರುವುದಿಲ್ಲ. ಆ ಹೊತ್ತಿಗೆ ಸರಿಯಾಗಿ "ಥ್ರಾಟಲ್ ತೆರೆಯಿತು" ಎಂಬ ಸುದ್ದಿ ತಲುಪದಿದ್ದರೆ, ಅಥವಾ "ಮುಚ್ಚಿತು" ಎಂಬ ಸುಳ್ಳು ಸುದ್ದಿ ತಲುಪಿದರೆ, ಆ ಗುಟುಕು ಸಿಗುವುದಿಲ್ಲ. ನಿಮ್ಮ ಕಾಲಿಗೆ ತಾಗುವ ಅರ್ಧ ಸೆಕೆಂಡಿನ ಖಾಲಿತನ ಅದೇ.

## ಸುಮ್ಮನಾದ ಸೆನ್ಸರ್, ಸುಳ್ಳು ಹೇಳುವ ಸೆನ್ಸರ್

ಸೆನ್ಸರ್‌ಗಳು ಮಾತಾಡುವುದು ಸಾಮಾನ್ಯವಾಗಿ ವೋಲ್ಟ್‌ಗಳಲ್ಲಿ. ಥ್ರಾಟಲ್ ಸ್ಥಾನ ಹೇಳುವ ಸೆನ್ಸರನ್ನೇ ನೋಡಿ, ಗ್ಯಾರೇಜಿನಲ್ಲಿ ಇದನ್ನು ಟಿಪಿಎಸ್ ಅನ್ನುತ್ತಾರೆ. ಇಸಿಯು ಇದಕ್ಕೆ 5 ವೋಲ್ಟ್ ಕೊಡುತ್ತದೆ. ಥ್ರಾಟಲ್ ಮುಚ್ಚಿದ್ದಾಗ ಸುಮಾರು 0.5 ವೋಲ್ಟ್ ವಾಪಸ್ ಬರುತ್ತದೆ, ಪೂರ್ತಿ ತೆರೆದಾಗ ಸುಮಾರು 4.5 ವೋಲ್ಟ್.

ಯಾಕೆ ಸೊನ್ನೆಯಿಂದ 5ರವರೆಗೆ ಇಟ್ಟಿಲ್ಲ? ಇದರಲ್ಲಿ ಒಂದು ಜಾಣತನ ಇದೆ. ವೈರ್ ತುಂಡಾದರೆ ಅಥವಾ ಎಲ್ಲೋ ತಾಗಿ ಶಾರ್ಟ್ ಆದರೆ ವೋಲ್ಟ್ ಸೊನ್ನೆಗೆ ಇಳಿಯುತ್ತದೆ, ಇಲ್ಲವೇ 5ಕ್ಕೆ ಏರುತ್ತದೆ. ಆ ಎರಡು ತುದಿಗಳನ್ನು ಬಳಸದೆ ಬಿಟ್ಟಿರುವುದರಿಂದ "ಇದು ಥ್ರಾಟಲ್ ಹೇಳಿದ್ದಲ್ಲ, ವೈರಿಂಗ್ ಕೆಟ್ಟಿದೆ" ಅಂತ ಇಸಿಯುಗೆ ಗೊತ್ತಾಗುತ್ತದೆ. ಸೆನ್ಸರ್ ಪೂರ್ತಿ ಸತ್ತರೆ ಹಿಡಿಯುವುದು ಹೀಗೆ ಸುಲಭ. ಡ್ಯಾಶ್‌ಬೋರ್ಡಿನಲ್ಲಿ ಚೆಕ್ ಎಂಜಿನ್ ಲೈಟ್ ಬರುತ್ತದೆ, ಇಸಿಯು ಆ ಸೆನ್ಸರನ್ನು ಬದಿಗಿಟ್ಟು ಅಂದಾಜಿನ ಮೇಲೆ ಗಾಡಿ ನಡೆಸುತ್ತದೆ.

ಕಾಡುವುದು ಇನ್ನೊಂದು ಜಾತಿಯ ದೋಷ. 1.5 ವೋಲ್ಟ್ ಹೇಳಬೇಕಾದಲ್ಲಿ 0.7 ಹೇಳಿತು ಅಂದುಕೊಳ್ಳಿ. ಅದು ತಪ್ಪು, ಆದರೆ ಅಸಾಧ್ಯವಾದ ಅಂಕಿ ಅಲ್ಲ. ಡ್ರೈವರ್ ಕಾಲು ತೆಗೆದಿರಬಹುದು ಅಂತ ಇಸಿಯು ನಂಬಿಬಿಡುತ್ತದೆ. ನಂಬಿಕೆ ಬರುವಂಥ ಸುಳ್ಳು ಹೇಳುವ ಸೆನ್ಸರ್ ಲೈಟ್ ಬರದಂತೆ ನೋಡಿಕೊಂಡು ತಿಂಗಳುಗಟ್ಟಲೆ ಕಾಡಬಲ್ಲದು.

ಹಳೆಯ ಟಿಪಿಎಸ್ ಒಂದನ್ನು ಬಿಚ್ಚಿ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಒಳಗೆ ಬಿಲ್ಲಿನಂತೆ ಬಾಗಿದ ಒಂದು ಕಪ್ಪು ಕಾರ್ಬನ್ ಪಟ್ಟಿ. ಅದರ ಮೇಲೆ ಜಾರುವ ಕೂದಲೆಳೆಯಂಥ ಲೋಹದ ಬೆರಳುಗಳು. ಹಳೆಯ ರೇಡಿಯೋದ ವಾಲ್ಯೂಮ್ ಗುಂಡಿಯೊಳಗೆ ಇರುವುದೂ ಇಂಥದ್ದೇ. ಆ ಗುಂಡಿ ಹಳೆಯದಾದಾಗ ಒಂದೇ ಜಾಗದಲ್ಲಿ ಕರಕರ ಅಂತ ಸದ್ದು ಮಾಡುತ್ತಿತ್ತಲ್ಲ, ಇಲ್ಲೂ ಅದೇ ಆಗುತ್ತದೆ. ದಿನಾ ಒಂದೇ ವೇಗದಲ್ಲಿ ಓಡುವ ಗಾಡಿಯಲ್ಲಿ ಲೋಹದ ಬೆರಳು ಪಟ್ಟಿಯ ಒಂದೇ ಜಾಗದಲ್ಲಿ ಸಣ್ಣಗೆ ನಡುಗುತ್ತಾ ಇರುತ್ತದೆ. ಆ ಜಾಗದಲ್ಲಿ ಕಾರ್ಬನ್ ಸವೆದು ಹೊಳಪು ಬರುತ್ತದೆ. ಬೆರಳು ಅಲ್ಲಿಗೆ ಬಂದಾಗ ಸಂಪರ್ಕ ಒಂದು ಕ್ಷಣ ತಪ್ಪುತ್ತದೆ. ಆಚೆ ಈಚೆ ಎಲ್ಲ ಸರಿ ಇರುತ್ತದೆ. ಹಾಗಾಗಿ "ಸಮ ವೇಗದಲ್ಲಿ ಹೋಗುತ್ತಾ ಸ್ವಲ್ಪವೇ ಒತ್ತಿದರೆ ಜರ್ಕ್, ಜೋರಾಗಿ ಒತ್ತಿದರೆ ಏನೂ ಇಲ್ಲ" ಅಂತ ಯಾರಾದರೂ ಹೇಳಿದರೆ ಈ ಸವೆದ ಜಾಗ ಮೊದಲು ನೆನಪಿಗೆ ಬರಬೇಕು.

ಹೊಸ ಕಾರುಗಳಲ್ಲಿ ಆಕ್ಸಿಲರೇಟರ್‌ನಿಂದ ಥ್ರಾಟಲ್‌ಗೆ ಕೇಬಲ್ ಇರುವುದಿಲ್ಲ. ಪೆಡಲ್ ಎಷ್ಟು ಕೆಳಗೆ ಹೋಗಿದೆ ಎಂಬುದನ್ನು ಪೆಡಲ್ ಸೆನ್ಸರ್ ಓದುತ್ತದೆ, ಥ್ರಾಟಲನ್ನು ಒಂದು ಮೋಟಾರ್ ತಿರುಗಿಸುತ್ತದೆ. ಇಲ್ಲಿ ಸುಳ್ಳು ಅಪಾಯಕಾರಿ. ಅದಕ್ಕೇ ಪೆಡಲ್‌ನಲ್ಲೂ ಥ್ರಾಟಲ್‌ನಲ್ಲೂ ಎರಡೆರಡು ಸೆನ್ಸರ್ ಇಟ್ಟು ಒಂದನ್ನೊಂದು ತಾಳೆ ನೋಡುತ್ತಾರೆ. ಇಬ್ಬರ ಮಾತು ಕೂಡದಿದ್ದರೆ ಇಸಿಯು ಶಕ್ತಿ ಕಡಿಮೆ ಮಾಡಿಬಿಡುತ್ತದೆ.

## ಯಾವ ಸೆನ್ಸರ್, ಯಾವ ಲಕ್ಷಣ

ಟಿಪಿಎಸ್ ಬಿಟ್ಟರೆ ಹೆಚ್ಚಾಗಿ ಸಿಕ್ಕಿಬೀಳುವುದು ಗಾಳಿ ಅಳೆಯುವ ಸೆನ್ಸರ್, ಅಂದರೆ ಎಂಎಎಫ್. ಏರ್ ಫಿಲ್ಟರ್ ದಾಟಿದ ಕೂಡಲೇ ಇದು ಸಿಗುತ್ತದೆ. ಒಳಗೆ ಬಿಸಿ ಮಾಡಿದ ಒಂದು ಸಣ್ಣ ತಂತಿ ಅಥವಾ ತೆಳು ಹಾಳೆ ಇರುತ್ತದೆ. ಗಾಳಿ ಬೀಸಿದಷ್ಟೂ ಅದು ತಣ್ಣಗಾಗುತ್ತದೆ. ಅದನ್ನು ಮತ್ತೆ ಬಿಸಿಯಾಗಿಡಲು ಎಷ್ಟು ಕರೆಂಟ್ ಬೇಕಾಯಿತು ಎಂಬುದರಿಂದ ಗಾಳಿಯ ಲೆಕ್ಕ ಸಿಗುತ್ತದೆ. ತಂತಿಯ ಮೇಲೆ ಧೂಳು, ಎಣ್ಣೆಯ ಪದರ ಕೂತರೆ ಅದಕ್ಕೆ ಕಂಬಳಿ ಹೊದಿಸಿದಂತೆ. ಜೋರು ಗಾಳಿ ಬಂದರೂ ಕಮ್ಮಿ ಬಂತು ಅನ್ನುತ್ತದೆ. ಇಸಿಯು ಕಮ್ಮಿ ಪೆಟ್ರೋಲ್ ಕೊಡುತ್ತದೆ. ಏರು ರಸ್ತೆಯಲ್ಲಿ, ಭಾರ ಹೊತ್ತಾಗ ಗಾಡಿ ಎಳೆಯುವುದಿಲ್ಲ. ಎಣ್ಣೆ ಹಚ್ಚಿ ಬಳಸುವ ಏರ್ ಫಿಲ್ಟರ್‌ಗೆ ಎಣ್ಣೆ ಜಾಸ್ತಿಯಾದರೂ ಹೀಗಾಗುತ್ತದೆ. ಇದಕ್ಕೆಂದೇ ಮಾಡಿದ ಎಂಎಎಫ್ ಕ್ಲೀನರ್ ಸ್ಪ್ರೇ ಸಿಗುತ್ತದೆ. ಬಟ್ಟೆಯಿಂದಾಗಲಿ ಬ್ರಷ್‌ನಿಂದಾಗಲಿ ಉಜ್ಜಬೇಡಿ, ತಂತಿ ತುಂಡಾಗುತ್ತದೆ.

ಕ್ರ್ಯಾಂಕ್ ಸೆನ್ಸರ್ ಕತೆ ಬೇರೆ. ಎಂಜಿನ್ ಎಲ್ಲಿವರೆಗೆ ತಿರುಗಿದೆ ಅಂತ ಹೇಳುವುದು ಇದು. ಅನೇಕ ಎಂಜಿನ್‌ಗಳಲ್ಲಿ 60 ಹಲ್ಲಿನ ಜಾಗದಲ್ಲಿ 2 ಹಲ್ಲು ಬಿಟ್ಟ ಚಕ್ರ ಇರುತ್ತದೆ. ಸೆನ್ಸರ್ ಹಲ್ಲುಗಳನ್ನು ಎಣಿಸುತ್ತದೆ, ಖಾಲಿ ಜಾಗ ಬಂದಾಗ ಒಂದು ಸುತ್ತು ಆಯಿತು ಅಂತ ತಿಳಿಯುತ್ತದೆ. 3000 ಸುತ್ತಿನ ವೇಗದಲ್ಲಿ ಸೆಕೆಂಡಿಗೆ 2900 ಹಲ್ಲುಗಳು ಮುಂದೆ ಹಾದುಹೋಗುತ್ತವೆ. ಎಣಿಕೆ ತಪ್ಪಿತೋ, ಕಿಡಿಯೂ ಇಲ್ಲ ಪೆಟ್ರೋಲೂ ಇಲ್ಲ. ಆ ಕ್ಷಣಕ್ಕೆ ಎಂಜಿನ್ ಕೀ ಆಫ್ ಮಾಡಿದಂತೆ ಆಗುತ್ತದೆ. ಇದರ ದೋಷ ಬಿಸಿಯಾದಾಗ ಕಾಣಿಸಿಕೊಳ್ಳುವುದು ಹೆಚ್ಚು. ಒಳಗಿನ ಸುರುಳಿಯ ತಂತಿ ಬಿಸಿಗೆ ಹಿಗ್ಗಿ ಸಂಪರ್ಕ ಕಳೆದುಕೊಳ್ಳುತ್ತದೆ, ತಣ್ಣಗಾದ ಮೇಲೆ ಮತ್ತೆ ಕೂಡಿಕೊಳ್ಳುತ್ತದೆ. ಬಿಸಿಲಲ್ಲಿ ದೂರ ಓಡಿ ನಿಂತ ಗಾಡಿ ಸ್ಟಾರ್ಟ್ ಆಗದೆ, ಅರ್ಧ ಗಂಟೆ ಬಿಟ್ಟು ಏನೂ ಆಗದವರಂತೆ ಸ್ಟಾರ್ಟ್ ಆದರೆ ಈ ಸೆನ್ಸರ್ ಮೇಲೆ ಕಣ್ಣಿಡಿ. ಗಾಡಿ ಜರ್ಕ್ ಹೊಡೆದಾಗ ಆರ್‌ಪಿಎಂ ಮುಳ್ಳು ಒಮ್ಮೆಲೇ ಕೆಳಗೆ ಬಿದ್ದು ಮೇಲೆದ್ದರೆ ಅದೂ ಒಳ್ಳೆಯ ಸುಳಿವು. ಚಕ್ರಗಳು ತಿರುಗುತ್ತಿವೆ, ಗಾಡಿ ಗೇರ್‌ನಲ್ಲಿದೆ, ಎಂಜಿನ್ ನಿಜವಾಗಿ ನಿಂತಿರಲು ಸಾಧ್ಯವೇ ಇಲ್ಲ. ಬಿದ್ದದ್ದು ಸುದ್ದಿ ಮಾತ್ರ.

ಕೂಲೆಂಟ್ ಬಿಸಿ ಹೇಳುವ ಸೆನ್ಸರ್ ಕೆಟ್ಟರೆ ಬೆಳಗಿನ ಹೊತ್ತು, ಎಂಜಿನ್ ತಣ್ಣಗಿದ್ದಾಗ ತಡವರಿಕೆ ಜಾಸ್ತಿ. ಸ್ಕ್ಯಾನರ್‌ನಲ್ಲಿ (ಇಸಿಯುಗೆ ಬರುವ ಸುದ್ದಿಯನ್ನು ಓದಿ ತೋರಿಸುವ ಉಪಕರಣ) ಇದು ಮೈನಸ್ 40 ಡಿಗ್ರಿ ತೋರಿಸಿದರೆ ಎಲ್ಲೋ ವೈರ್ ಕಡಿದಿದೆ ಅಂತ ಅರ್ಥ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಕೀ ಆನ್ ಮಾಡಿ, ಸ್ಟಾರ್ಟ್ ಮಾಡದೆ ನೋಡಿ. ಕೂಲೆಂಟ್ ಬಿಸಿ ಮತ್ತು ಒಳಬರುವ ಗಾಳಿಯ ಬಿಸಿ ಹೆಚ್ಚುಕಮ್ಮಿ ಒಂದೇ ಇರಬೇಕು. ತುಂಬಾ ವ್ಯತ್ಯಾಸ ಇದ್ದರೆ ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ. ಇನ್ನು ಸೈಲೆನ್ಸರ್ ದಾರಿಯ ಆಕ್ಸಿಜನ್ ಸೆನ್ಸರ್ ಕೆಟ್ಟರೆ ಮೊದಲು ಹೊಡೆತ ಬೀಳುವುದು ಮೈಲೇಜಿಗೆ. ಥಟ್ಟನೆ ಬರುವ ಮುಗ್ಗರಿಕೆಗೆ ಅದು ಕಾರಣವಾಗುವುದು ಕಡಿಮೆ.

## ಲೈಟ್ ಬರಲಿಲ್ಲ ಅಂದರೆ ದೋಷ ಇಲ್ಲ ಅಂತಲ್ಲ

ಒಂದೇ ಸಲ ತಪ್ಪು ಕಂಡರೆ ಲೈಟ್ ಹಾಕಿಬಿಟ್ಟರೆ ಜನ ಸುಮ್ನೆ ಗಾಬರಿಯಾಗುತ್ತಾರೆ. ಅದಕ್ಕೇ ಅನೇಕ ದೋಷಗಳಿಗೆ ಇಸಿಯು ಎರಡನೇ ಸಲ ಕಾಯುತ್ತದೆ. ಮೊದಲ ಓಡಾಟದಲ್ಲಿ ಕಂಡದ್ದನ್ನು ಪೆಂಡಿಂಗ್ ಕೋಡ್ ಅಂತ, ಅಂದರೆ ಇನ್ನೂ ಖಚಿತವಾಗದ ದೋಷದ ಗುರುತಾಗಿ, ಬರೆದಿಟ್ಟುಕೊಳ್ಳುತ್ತದೆ. ಮುಂದಿನ ಓಡಾಟದಲ್ಲೂ ಕಂಡರೆ ಆಗ ಲೈಟ್. ಮೂರು ಓಡಾಟ ಸತತವಾಗಿ ಸರಿ ಇದ್ದರೆ ಲೈಟ್ ತಾನಾಗೇ ಆರುತ್ತದೆ. ಹಾಗೇ ಮುಂದುವರಿದು ಎಂಜಿನ್ 40 ಸಲ ತಣ್ಣಗಿನಿಂದ ಬಿಸಿಯಾದ ಮೇಲೆ ಕೋಡ್ ಕೂಡ ಅಳಿಸಿಹೋಗುತ್ತದೆ. ಹಾಗಾಗಿ ಲೈಟ್ ಬರದಿದ್ದರೂ, ಬಂದು ಹೋಗಿದ್ದರೂ ಬೇಗ ಸ್ಕ್ಯಾನ್ ಮಾಡಿಸುವುದು ಒಳ್ಳೆಯದು. ಪೆಂಡಿಂಗ್ ಕೋಡ್ ಕೂಡ ನೋಡಿ ಅಂತ ಬಾಯಿಬಿಟ್ಟು ಕೇಳಿ.

ಕೋಡ್ ಜತೆಗೆ ಫ್ರೀಜ್ ಫ್ರೇಮ್ ಅಂತ ಇನ್ನೊಂದು ಸಿಗುತ್ತದೆ. ದೋಷ ದಾಖಲಾದ ಕ್ಷಣಕ್ಕೆ ಎಂಜಿನ್ ವೇಗ, ಬಿಸಿ, ಲೋಡ್ ಎಲ್ಲ ಎಷ್ಟಿತ್ತು ಎಂಬ ಒಂದು ಫೋಟೋ ಇದ್ದಂತೆ. ಬಿಟ್ಟು ಬಿಟ್ಟು ಬರುವ ದೋಷಕ್ಕೆ ಇದಕ್ಕಿಂತ ಬೆಲೆಬಾಳುವ ಮಾಹಿತಿ ಇಲ್ಲ. ಎಷ್ಟೋ ಕಡೆ ಸ್ಕ್ಯಾನರ್ ಚುಚ್ಚಿದ ಕೂಡಲೇ ಕೋಡ್ ಅಳಿಸಿ ನೋಡುತ್ತಾರೆ. ಆಗ ಆ ಫೋಟೋ ಕೂಡ ಅಳಿಸಿಹೋಗುತ್ತದೆ. ದಯವಿಟ್ಟು ಮೊದಲು ಅದನ್ನು ಬರೆದಿಟ್ಟುಕೊಳ್ಳಿ.

## ಮೊದಲ ಉಪಕರಣ: ಒಂದು ನೋಟ್‌ಬುಕ್

ಸ್ಕ್ಯಾನರ್‌ಗಿಂತ ಮೊದಲು ಬೇಕಾದ್ದು ಇದು. ಪ್ರತಿ ಸಲ ಮುಗ್ಗರಿಸಿದಾಗ ಗಾಡಿ ನಿಲ್ಲಿಸಿದ ಮೇಲೆ ನಾಲ್ಕು ಸಾಲು ಬರೆಯಿರಿ. ಸ್ಟಾರ್ಟ್ ಮಾಡಿ ಎಷ್ಟು ನಿಮಿಷ ಆಗಿತ್ತು? ಮಳೆ ಇತ್ತೇ? ಗುಂಡಿಗೆ ಇಳಿದಾಗಲೋ, ತಿರುವಿನಲ್ಲೋ? ಕಾಲು ಒತ್ತುವಾಗಲೋ, ಒಂದೇ ಸಮ ಹಿಡಿದಿದ್ದಾಗಲೋ? ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿತ್ತು? ಆರ್‌ಪಿಎಂ ಮುಳ್ಳು ಏನು ಮಾಡಿತು?

ಹತ್ತು ಸಲ ಬರೆದರೆ ಒಂದು ಚಿತ್ರ ಮೂಡುತ್ತದೆ. ಗುಂಡಿಗೆ ಬಿದ್ದಾಗ ಮಾತ್ರ ಬಂದರೆ ವೈರಿಂಗ್ ಅಥವಾ ಸಡಿಲವಾದ ಕನೆಕ್ಟರ್. ಮಳೆಯಲ್ಲಿ ಮಾತ್ರವಾದರೆ ನೀರು ನುಗ್ಗುವ ಸಾಕೆಟ್ ಅಥವಾ ಬಿರುಕು ಬಿಟ್ಟ ಕಾಯಿಲ್. ಬಿಸಿಯಾದ ಮೇಲಾದರೆ ಕ್ರ್ಯಾಂಕ್ ಸೆನ್ಸರ್. ಟ್ಯಾಂಕ್ ಖಾಲಿಯಾಗುತ್ತಾ ಬಂದಾಗ ಮಾತ್ರವಾದರೆ ಸೆನ್ಸರ್ ಬಿಟ್ಟು, ಟ್ಯಾಂಕಿನಿಂದ ಎಂಜಿನ್‌ಗೆ ಪೆಟ್ರೋಲ್ ತಳ್ಳುವ ಫ್ಯೂಯಲ್ ಪಂಪ್ ಕಡೆ ನೋಡಬೇಕು. "ಒಮ್ಮೊಮ್ಮೆ ಆಗುತ್ತೆ" ಅಂತ ಹೇಳಿದರೆ ಮೆಕ್ಯಾನಿಕ್ ಕೈ ಕಟ್ಟಿದಂತೆ. "ಸ್ಟಾರ್ಟ್ ಮಾಡಿ 25 ನಿಮಿಷ ಆದಮೇಲೆ, ನಾಲ್ಕನೇ ಗೇರ್‌ನಲ್ಲಿ, ಸ್ವಲ್ಪ ಒತ್ತಿದಾಗ" ಅಂತ ಹೇಳಿದರೆ ಅವರು ಅದನ್ನು ಮತ್ತೆ ಬರಿಸಬಲ್ಲರು.

## ಸ್ಕ್ಯಾನರ್ ಹೇಳುವುದು, ಹೇಳದಿರುವುದು

ಸ್ಟಿಯರಿಂಗ್ ಕೆಳಗೆ ಎಲ್ಲೋ 16 ಪಿನ್‌ನ ಒಂದು ಸಾಕೆಟ್ ಇರುತ್ತದೆ. ಒಬಿಡಿ-2 ಎಂಬ ಈ ವ್ಯವಸ್ಥೆ ಅಮೆರಿಕದಲ್ಲಿ 1996ರಿಂದ ಕಡ್ಡಾಯವಾಯಿತು. ಅದೇ ಬಗೆಯ ವ್ಯವಸ್ಥೆ ಯುರೋಪಿನ ಪೆಟ್ರೋಲ್ ಕಾರುಗಳಿಗೆ 2001ರಿಂದ ಬಂತು. ಫೋನಿಗೆ ಬ್ಲೂಟೂತ್‌ನಲ್ಲಿ ಕೂಡುವ ಸಣ್ಣ ಅಡಾಪ್ಟರ್ ಹಾಕಿಯೂ ಇದನ್ನು ಓದಬಹುದು.

ಸಿಗುವ ಕೋಡ್‌ಗಳನ್ನು ಸ್ವಲ್ಪ ಎಚ್ಚರದಿಂದ ಓದಬೇಕು. ಪಿ0122 ಅಂದರೆ ಟಿಪಿಎಸ್ ಸರ್ಕ್ಯೂಟ್‌ನಲ್ಲಿ ವೋಲ್ಟ್ ಕಮ್ಮಿ. ಪಿ0124 ಅಂದರೆ ಅದೇ ಸರ್ಕ್ಯೂಟ್‌ನಲ್ಲಿ ಬಿಟ್ಟು ಬಿಟ್ಟು ದೋಷ. ಪಿ0335, ಪಿ0339 ಕ್ರ್ಯಾಂಕ್ ಸೆನ್ಸರ್‌ಗೆ ಸೇರಿದವು. ಎಲ್ಲದರಲ್ಲೂ ಇರುವ ಮುಖ್ಯ ಪದ ಸರ್ಕ್ಯೂಟ್. ಸರ್ಕ್ಯೂಟ್ ಅಂದರೆ ಸೆನ್ಸರ್, ಅದರ ಸಾಕೆಟ್, ಪಿನ್‌ಗಳು, ಅಲ್ಲಿಂದ ಇಸಿಯುವರೆಗಿನ ವೈರ್, ಅರ್ತ್ ಎಲ್ಲ ಸೇರಿದ್ದು. ಕೋಡ್ ನೋಡಿ ಸೆನ್ಸರ್ ಒಂದನ್ನೇ ಬದಲಿಸಿದರೆ, ಕರೆಂಟ್ ಹೋದಾಗ ತಂತಿ ನೋಡದೆ ಬಲ್ಬ್ ಬದಲಿಸಿದ ಹಾಗಾಯಿತು. ಇನ್ನೊಂದು ವಿಷಯ. ಎರಡು ಮೂರು ಸೆನ್ಸರ್‌ಗಳು ಒಂದೇ 5 ವೋಲ್ಟ್ ಲೈನನ್ನು ಹಂಚಿಕೊಳ್ಳುವುದು ಸಾಮಾನ್ಯ. ಒಂದು ಶಾರ್ಟ್ ಆದರೆ ಉಳಿದವೂ ಒಟ್ಟಿಗೇ ತಪ್ಪು ಹೇಳುತ್ತವೆ. ಒಮ್ಮೆಲೇ ಮೂರು ಸೆನ್ಸರ್‌ಗಳ ಕೋಡ್ ಬಂದರೆ ಮೂರೂ ಕೆಟ್ಟಿವೆ ಅಂದುಕೊಳ್ಳುವ ಮೊದಲು ಆ ಲೈನ್ ನೋಡಬೇಕು.

ಕೋಡ್‌ಗಿಂತ ಹೆಚ್ಚು ಸಹಾಯ ಮಾಡುವುದು ಲೈವ್ ಡೇಟಾ. ಓಡುತ್ತಿರುವ ಗಾಡಿಯಲ್ಲಿ ಸೆನ್ಸರ್‌ಗಳು ಹೇಳುತ್ತಿರುವುದನ್ನು ರೆಕಾರ್ಡ್ ಮಾಡಿ, ಆಮೇಲೆ ನಿಧಾನವಾಗಿ ನೋಡಬಹುದು. ರೆಕಾರ್ಡ್ ಮಾಡುವಾಗ ಫೋನ್ ಪಕ್ಕದಲ್ಲಿ ಕೂತವರ ಕೈಯಲ್ಲಿರಲಿ. ಓಡಿಸುವವರ ಕಣ್ಣು ರಸ್ತೆ ಮೇಲೇ ಇರಬೇಕು.

ಒಂದು ಉದಾಹರಣೆ ಕೊಡುತ್ತೇನೆ. ಕಾಲನ್ನು ನಿಧಾನವಾಗಿ ಒತ್ತುತ್ತಿರುವಾಗ ಟಿಪಿಎಸ್ ಅಂಕಿಗಳು ಹೀಗೆ ಬಂದವು ಅಂದುಕೊಳ್ಳಿ: 1.38, 1.41, 1.45, 0.62, 1.52, 1.56. ನಾಲ್ಕನೆಯದು ನೋಡಿ. ಕಾಲು ಅಷ್ಟು ಬೇಗ ಪೂರ್ತಿ ಮೇಲೆ ಬಂದು ಮತ್ತೆ ಅದೇ ಜಾಗಕ್ಕೆ ಹೋಗಲು ಆಗುವುದಿಲ್ಲ. ಈಗ ಅದೇ ಕ್ಷಣದ ಎಂಎಎಫ್ ಅಂಕಿ ನೋಡಿ. ಥ್ರಾಟಲ್ ನಿಜವಾಗಿ ಮುಚ್ಚಿದ್ದರೆ ಗಾಳಿಯೂ ಕಮ್ಮಿಯಾಗಬೇಕಿತ್ತು. ಗಾಳಿ ಏರುತ್ತಲೇ ಇದ್ದರೆ ಸುಳ್ಳು ಹೇಳಿದ್ದು ಟಿಪಿಎಸ್ ಕಡೆಯವರು. ಎರಡೂ ಒಟ್ಟಿಗೇ ಬಿದ್ದಿದ್ದರೆ ಥ್ರಾಟಲ್ ನಿಜವಾಗಿಯೂ ಅಲುಗಿದೆ, ದೋಷ ಬೇರೆಡೆ ಇದೆ. ಇಡೀ ಹುಡುಕಾಟದ ತಿರುಳು ಇಷ್ಟೇ. ಒಬ್ಬ ಸಾಕ್ಷಿಯ ಮಾತನ್ನು ಇನ್ನೊಬ್ಬರ ಮಾತಿನ ಪಕ್ಕದಲ್ಲಿಟ್ಟು ನೋಡುವುದು.

ಸಾಮಾನ್ಯ ಅಡಾಪ್ಟರ್ ಸೆಕೆಂಡಿಗೆ ಕೆಲವೇ ಅಂಕಿಗಳನ್ನು ಓದುತ್ತದೆ. ಹತ್ತು ಸೆನ್ಸರ್ ಒಟ್ಟಿಗೆ ಆರಿಸಿದರೆ ಒಂದೊಂದಕ್ಕೂ ಸಿಗುವ ಸರದಿ ನಿಧಾನವಾಗುತ್ತದೆ, ದೋಷದ ಕ್ಷಣ ನಡುವೆ ಜಾರಿಹೋಗುತ್ತದೆ. ಹಾಗಾಗಿ ಎರಡು ಮೂರನ್ನೇ ಆರಿಸಿ. ಕೆಲವೇ ಮಿಲಿಸೆಕೆಂಡ್ ಇರುವ ದೋಷವಾದರೆ ಆಸಿಲೋಸ್ಕೋಪ್ ಬೇಕು, ಅದು ವೋಲ್ಟನ್ನು ಗೆರೆಯಾಗಿ ಬಿಡಿಸಿ ತೋರಿಸುತ್ತದೆ. ಮುಳ್ಳಿರುವ ಹಳೆಯ ಮೀಟರ್ ಇದ್ದರೂ ಟಿಪಿಎಸ್ ನೋಡಬಹುದು. ಎಂಜಿನ್ ಆಫ್, ಕೀ ಆನ್. ಕೇಬಲ್ ಇರುವ ಗಾಡಿಯಲ್ಲಿ ಥ್ರಾಟಲನ್ನು ನಿಧಾನವಾಗಿ ತೆರೆಯುತ್ತಾ ಹೋದರೆ ಮುಳ್ಳು ನುಣುಪಾಗಿ ಏರಬೇಕು. ಸವೆದ ಜಾಗ ಬಂದಾಗ ಅದು ಸಣ್ಣಗೆ ಅದುರುತ್ತದೆ. ಡಿಜಿಟಲ್ ಮೀಟರ್‌ನಲ್ಲಿ ಈ ಅದುರು ಕಾಣದೆ ಹೋಗಬಹುದು.

ಲೈವ್ ಡೇಟಾದಲ್ಲಿ ಫ್ಯೂಯಲ್ ಟ್ರಿಮ್ ಅಂತ ಇನ್ನೊಂದು ಅಂಕಿ ಇದೆ. ಲೆಕ್ಕದ ಪೆಟ್ರೋಲ್‌ಗಿಂತ ಎಷ್ಟು ಹೆಚ್ಚು ಅಥವಾ ಕಮ್ಮಿ ಕೊಡಬೇಕಾಯಿತು ಎಂಬುದನ್ನು ಅದು ಶೇಕಡಾದಲ್ಲಿ ಹೇಳುತ್ತದೆ. ಸೊನ್ನೆಯ ಹತ್ತಿರ ಇದ್ದರೆ ಒಳ್ಳೆಯದು, ಪ್ಲಸ್ 10 ದಾಟಿದರೆ ಎಲ್ಲೋ ತೊಂದರೆ ಇದೆ. ಎಂಎಎಫ್ ಇರುವ ಎಂಜಿನ್‌ನಲ್ಲಿ ಐಡಲ್‌ನಲ್ಲಿ ಪ್ಲಸ್ ಜಾಸ್ತಿ ಇದ್ದು, ವೇಗ ಏರಿಸಿದಾಗ ಸರಿಯಾದರೆ ಎಲ್ಲೋ ಪೈಪ್ ಬಿರುಕು ಬಿಟ್ಟು ಗಾಳಿ ಕಳ್ಳದಾರಿಯಲ್ಲಿ ಬರುತ್ತಿದೆ. ತಿರುಗುಮುರುಗಾಗಿ, ಲೋಡ್ ಬಿದ್ದಷ್ಟೂ ಪ್ಲಸ್ ಏರಿದರೆ ಕೊಳೆಯಾದ ಎಂಎಎಫ್ ಅಥವಾ ಸೋತ ಫ್ಯೂಯಲ್ ಪಂಪ್.

## ಅಲುಗಾಡಿಸಿ, ಬಿಸಿ ಮಾಡಿ, ನೀರು ಚಿಮುಕಿಸಿ

ಅನುಮಾನ ಒಂದು ಕಡೆಗೆ ವಾಲಿದ ಮೇಲೆ ದೋಷವನ್ನು ಕರೆದು ತರಿಸಬೇಕು. ಎಂಜಿನ್ ಐಡಲ್‌ನಲ್ಲಿ ಓಡುತ್ತಿರಲಿ. ಅನುಮಾನದ ಸೆನ್ಸರ್‌ನ ಸಾಕೆಟ್ ಹಿಡಿದು ಮೆಲ್ಲಗೆ ಅಲುಗಾಡಿಸಿ. ಆಮೇಲೆ ವೈರಿನ ಗೊಂಚಲನ್ನು ಗೇಣು ಗೇಣಾಗಿ ಹಿಡಿದು ಬಾಗಿಸುತ್ತಾ ಹೋಗಿ. ಎಂಜಿನ್ ಸದ್ದು ಬದಲಾದ ಜಾಗದಲ್ಲೋ, ಲೈವ್ ಡೇಟಾ ಎಗರಿದ ಜಾಗದಲ್ಲೋ ದೋಷ ಇದೆ. ಸ್ಕ್ರೂಡ್ರೈವರ್ ಹಿಡಿಯಿಂದ ಸೆನ್ಸರ್ ಮೇಲೆ ಸಣ್ಣಗೆ ತಟ್ಟಿಯೂ ನೋಡಬಹುದು. ಫ್ಯಾನ್, ಬೆಲ್ಟ್‌ಗಳಿಂದ ಕೈ, ಬಟ್ಟೆ ದೂರ ಇರಲಿ. ಬಿಸಿಗೆ ಬರುವ ದೋಷವಾದರೆ ಹೇರ್ ಡ್ರೈಯರ್‌ನಿಂದ ಸೆನ್ಸರ್ ಬಿಸಿ ಮಾಡುತ್ತಾರೆ. ಮಳೆಯ ದೋಷಕ್ಕೆ ಸಾಕೆಟ್ ಮೇಲೆ ನೀರು ಚಿಮುಕಿಸುತ್ತಾರೆ. ಪ್ಲಗ್, ಕಾಯಿಲ್ ಹತ್ತಿರ ಇದನ್ನು ಮಾಡುವಾಗ ಎಂಜಿನ್ ಭಾಗಗಳನ್ನು ಮುಟ್ಟಬೇಡಿ, ಅಲ್ಲಿ ಸಾವಿರಾರು ವೋಲ್ಟ್ ಇರುತ್ತದೆ.

ಸಾಕೆಟ್ ಬಿಚ್ಚಿದಾಗ ಆತುರಪಡದೆ ಟಾರ್ಚ್ ಹಿಡಿದು ಒಳಗೆ ನೋಡಿ. ಪಿನ್ ಮೇಲೆ ಹಸಿರು ಪುಡಿ ಇದ್ದರೆ ನೀರು ಹೋಗಿ ಕಿಲುಬು ಹಿಡಿದಿದೆ. ಒಂದು ಪಿನ್ ಉಳಿದವುಗಳಿಗಿಂತ ಒಳಗೆ ಸರಿದಿದ್ದರೆ ಅದು ಸರಿಯಾಗಿ ಕೂಡುತ್ತಿಲ್ಲ. ಎಣ್ಣೆ ಇದ್ದರೆ ಅದು ಎಲ್ಲಿಂದ ಬಂತು ಅಂತ ನೋಡಬೇಕು. ಇಂಥ ಎಷ್ಟೋ ದೋಷಗಳು ಹೊಸ ಸೆನ್ಸರ್ ಇಲ್ಲದೆ, ಪಿನ್ ಸ್ವಚ್ಛ ಮಾಡಿ ಬಿಗಿ ಮಾಡಿದರೆ ಮುಗಿದುಹೋಗುತ್ತವೆ. ಅರ್ತ್ ಕೂಡ ಮರೆಯಬೇಡಿ. ಎಂಜಿನ್ ಓಡುತ್ತಿರುವಾಗ ಸೆನ್ಸರ್‌ನ ಅರ್ತ್ ಪಿನ್ ಮತ್ತು ಬ್ಯಾಟರಿಯ ಮೈನಸ್ ನಡುವೆ ಮೀಟರ್ ಹಿಡಿದರೆ 0.1 ವೋಲ್ಟ್‌ಗಿಂತ ಕಮ್ಮಿ ಬರಬೇಕು. ಅಳೆಯುವಾಗ ವೈರಿನ ಸಿಪ್ಪೆಗೆ ಸೂಜಿ ಚುಚ್ಚಬೇಡಿ. ಆ ಸಣ್ಣ ತೂತಿನಿಂದ ನೀರು ಹೋಗಿ ಮುಂದಿನ ಮಳೆಗಾಲಕ್ಕೆ ಹೊಸ ದೋಷ ತಯಾರಾಗುತ್ತದೆ. ಸಾಕೆಟ್‌ನ ಹಿಂಬದಿಯಿಂದ ತೆಳುವಾದ ಪಿನ್ ತೂರಿಸಿ ಅಳೆಯುವುದು ಸರಿಯಾದ ಕ್ರಮ.

ಎಂಎಎಫ್‌ಗೆ ಇನ್ನೊಂದು ಸುಲಭ ಪರೀಕ್ಷೆ ಇದೆ. ಎಂಜಿನ್ ಆಫ್ ಮಾಡಿ ಅದರ ಸಾಕೆಟ್ ಬಿಚ್ಚಿ, ಮತ್ತೆ ಸ್ಟಾರ್ಟ್ ಮಾಡಿ ಓಡಿಸಿ. ಅನೇಕ ಗಾಡಿಗಳಲ್ಲಿ ಇಸಿಯು ಅಂದಾಜಿನ ಅಂಕಿ ಬಳಸಿ ಎಂಜಿನ್ ನಡೆಸುತ್ತದೆ. ಲೈಟ್ ಬರುತ್ತದೆ, ಅದು ನಿರೀಕ್ಷೆಯೇ. ಸಾಕೆಟ್ ಇಲ್ಲದೆಯೇ ಗಾಡಿ ಚೆನ್ನಾಗಿ ಎಳೆದರೆ ಎಂಎಎಫ್ ಮೇಲಿನ ಅನುಮಾನ ಗಟ್ಟಿಯಾಯಿತು.

## ಯಾವಾಗ ತಡ ಮಾಡಬಾರದು

ಚೆಕ್ ಎಂಜಿನ್ ಲೈಟ್ ಮಿನುಗುತ್ತಿದ್ದರೆ ಒಳಗೆ ಪೆಟ್ರೋಲ್ ಉರಿಯದೆ ಹೊರಗೆ ಹೋಗುತ್ತಿದೆ. ಅದು ಸೈಲೆನ್ಸರ್ ದಾರಿಯ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ನಲ್ಲಿ ಉರಿದು ಅದನ್ನು ಹಾಳು ಮಾಡುತ್ತದೆ. ಕಾಲು ಸಡಿಲಿಸಿ, ಸುರಕ್ಷಿತ ಜಾಗ ನೋಡಿ ನಿಲ್ಲಿಸಿ. ಓಡುತ್ತಾ ಎಂಜಿನ್ ಆಫ್ ಆಗುತ್ತಿದ್ದರೆ ಹುಡುಕಾಟವನ್ನು ಮುಂದೂಡಲೇಬಾರದು. ಎಂಜಿನ್ ನಿಂತರೆ, ಬ್ರೇಕ್ ಹಗುರಾಗಿ ಒತ್ತಲು ನೆರವಾಗುವ ಬ್ರೇಕ್ ಬೂಸ್ಟರ್‌ನಲ್ಲಿ ಒಂದೆರಡು ಒತ್ತಿಗೆ ಸಾಕಾಗುವಷ್ಟು ಮಾತ್ರ ಬಲ ಉಳಿದಿರುತ್ತದೆ. ಎಂಜಿನ್ ಬಲದಿಂದ ನಡೆಯುವ ಪವರ್ ಸ್ಟಿಯರಿಂಗ್ ಇದ್ದರೆ ಅದೂ ಗಟ್ಟಿಯಾಗುತ್ತದೆ. ಹಾಗೇನಾದರೂ ಆದರೆ ಬ್ರೇಕನ್ನು ಪದೇಪದೇ ಒತ್ತಬೇಡಿ. ಒಮ್ಮೆ ಒತ್ತಿ ಹಾಗೇ ಹಿಡಿದು ಬದಿಗೆ ತನ್ನಿ.

## ಸೆನ್ಸರ್ ಬದಲಿಸಿದ ಮೇಲೆ

ಹೊಸ ಸೆನ್ಸರ್ ಹಾಕಿ, ಕೋಡ್ ಅಳಿಸಿ, ಕೀ ಕೊಟ್ಟು ಕಳಿಸಿದರೆ ಕೆಲಸ ಮುಗಿಯಲಿಲ್ಲ. ಹಳೆಯ ಸುಳ್ಳುಗಳಿಗೆ ಹೊಂದಿಕೊಳ್ಳಲು ಇಸಿಯು ತನ್ನ ಲೆಕ್ಕವನ್ನೇ ತಿದ್ದಿಕೊಂಡಿರುತ್ತದೆ. ಆ ತಿದ್ದುಪಡಿ ಹೋಗಬೇಕು. ಕೆಲವು ಗಾಡಿಗಳಲ್ಲಿ ಥ್ರಾಟಲ್ ಅಥವಾ ಕ್ರ್ಯಾಂಕ್ ಸೆನ್ಸರ್ ಬದಲಿಸಿದ ಮೇಲೆ ಸ್ಕ್ಯಾನರ್‌ನಿಂದ ರೀಲರ್ನ್ ಮಾಡಿಸಬೇಕಾಗುತ್ತದೆ, ಅಂದರೆ ಹೊಸ ಭಾಗವನ್ನು ಇಸಿಯುಗೆ ಮತ್ತೆ ಪರಿಚಯಿಸಬೇಕು. ಅದನ್ನು ಬಿಟ್ಟರೆ ಐಡಲ್ ಏರುಪೇರಾಗಿ, ಹೊಸ ಸೆನ್ಸರೇ ಕೆಟ್ಟಿದೆ ಅನ್ನಿಸಿಬಿಡುತ್ತದೆ.

ಆಮೇಲೆ ನೋಟ್‌ಬುಕ್ ತೆರೆಯಿರಿ. ಮೊದಲು ಯಾವ ಸ್ಥಿತಿಯಲ್ಲಿ ಮುಗ್ಗರಿಸುತ್ತಿತ್ತೋ ಅದೇ ಸ್ಥಿತಿಯಲ್ಲಿ ಓಡಿಸಿ. 25 ನಿಮಿಷ ಬಿಸಿಯಾದ ಮೇಲೆ ಬರುತ್ತಿದ್ದರೆ 40 ನಿಮಿಷ ಓಡಿಸಿ, ಅದೇ ನಾಲ್ಕನೇ ಗೇರ್‌ನಲ್ಲಿ ಅಷ್ಟೇ ಸ್ವಲ್ಪ ಒತ್ತಿ ನೋಡಿ. ಲೈವ್ ಡೇಟಾ ಇನ್ನೊಮ್ಮೆ ರೆಕಾರ್ಡ್ ಮಾಡಿ, ಹಳೆಯದರ ಪಕ್ಕದಲ್ಲಿಡಿ. ಮೊದಲು 0.62ಕ್ಕೆ ಬಿದ್ದ ಜಾಗದಲ್ಲಿ ಈಗ 1.48 ಇದ್ದರೆ, ಮುಂದಿನ ಕೆಲವು ದಿನಗಳ ಓಡಾಟದಲ್ಲಿ ಫ್ಯೂಯಲ್ ಟ್ರಿಮ್ ಸೊನ್ನೆಯ ಹತ್ತಿರವೇ ನಿಂತರೆ, ಹಿಡಿದದ್ದು ಸರಿಯಾದ ಸೆನ್ಸರನ್ನೇ.